ಗಂಡುಕುದುರೆಯ ಕೂದಲು

"ಇದು ಗಾಳದ ದಾರಾನೋ, ದನ ಕಟ್ಟೋ ಹಗ್ಗಾನೋ?" ಎಂದು ಗೌದೆನ್ಸಿಯೊ, ಅಳಿಯ ಪೇಟೆಯಿಂದ ಕಳಿಸಿದ್ದ ನೈಲಾನ್ ಸುರುಳಿಯನ್ನು ಮೇಜಿನ ಆ ತುದಿಗೆ ನೂಕಿದ. ನೂಕಿದ್ದು ಎಡಗೈಯಲ್ಲಿ. ಲಕ್ವ ಹೊಡೆದಾಗಿನಿಂದ ಬಲಗೈ ನಡುಗುತ್ತಿತ್ತು. ಲೋಟ ಹಿಡಿದರೆ ಅರ್ಧ ವೈನ್ ಬಾಯಿಗೆ, ಅರ್ಧ ಅಂಗಿಗೆ.

ಹೆಂಡತಿ ಒರ್ತೆನ್ಸಿಯಾ ಆಲೂಗಡ್ಡೆ ಸುಲಿಯುತ್ತ ತಲೆಯೆತ್ತದೆ ಹೇಳಿದಳು: "ಪಾಪ, ಪ್ರೀತಿಯಿಂದ ಕಳಿಸಿದಾನೆ. ಅದರ ಜೊತೆ ದಾರ ಸುತ್ತೋ ರಾಟೆ ಬೇರೆ ಇದೆ."

"ರಾಟೆ ಬಾವಿಗೆ ಇರಲಿ. ನಮ್ಮ ಹಳ್ಳದಲ್ಲಿ ಮೊಣಕಾಲುದ್ದ ನೀರು, ಗೇಣುದ್ದ ಟ್ರೌಟು. ಇಂಥಾ ಭಾರದ್ದು ಬಿದ್ದರೆ ಮೀನೆಲ್ಲ ಕಲ್ಲಿನಡಿ ಸೇರ್ಕೊಂಡು ನಗ್ತವೆ. ಕುದುರೆ ಕೂದಲಿನ ದಾರಾನೇ ಬೇಕು. ಬಿದ್ದದ್ದು ನೀರಿಗೂ ಗೊತ್ತಾಗಬಾರದು."

ಆಲ್ಪ್ಸ್‌ನ ಹಿಮ ಕರಗಿ ಇಳಿಯುವ ನಮ್ಮ ಕಣಿವೆಯಲ್ಲಿ ಗಂಡಸರು ಹೀಗೇ. ಹೆಂಡತಿಗೆ ಸಿಟ್ಟು ಬಂದರೂ ಬರಲಿ, ಮೀನಿಗೆ ಅನುಮಾನ ಬರಬಾರದು. ಗೌದೆನ್ಸಿಯೊನ ಬಿದಿರಿನ ಕೋಲು ಗಟ್ಟಿಯಾಗಿಯೇ ಇತ್ತು. ತಾನೇ ಹಿಂದೆ ಹೊಸೆದಿಟ್ಟಿದ್ದ ದಾರವೂ ಮೊಳೆಗೆ ನೇತಾಡುತ್ತಿತ್ತು. ಆದರೆ ಅದರ ತುದಿಯ ಒಂದು ಮೊಳ, ಕೋಳಿಗರಿಯ ಹುಸಿ ನೊಣವನ್ನು ಕಟ್ಟುವ ಆ ಸಣ್ಣ ಎಳೆಯನ್ನು, ಇಲಿ ಕಡಿದುಹಾಕಿತ್ತು. ಇನ್ನೊಂದು ಹೊಸೆಯೋಣವೆಂದರೆ ಕೈ ಮಾತು ಕೇಳುತ್ತಿರಲಿಲ್ಲ.

ಆ ಭಾನುವಾರಕ್ಕೆ ಮೀನು ಹಿಡಿಯುವ ಕಾಲ ಮುಗಿಯುತ್ತಿತ್ತು. "ಈ ವರ್ಷ ಒಂದಾದ್ರೂ ಹಿಡೀದೇ ಹೋದ್ರೆ ಕೋಲನ್ನ ಒಲೆಗೆ ಹಾಕು" ಎಂದು ಅವನು ಆಗಲೇ ಎರಡು ಮೂರು ಸಲ ಹೇಳಿದ್ದ. ಒರ್ತೆನ್ಸಿಯಾಗೆ ಹೆದರಿಕೆಯಾದದ್ದು ಕೋಲಿಗಾಗಿ ಅಲ್ಲ. ಕೋಲು ಒಲೆಯೊಳಗೆ ಹೋದರೆ ಗಂಡ ಒಲೆಯ ಮುಂದಿನ ಕುರ್ಚಿಗೆ ಹೋಗುತ್ತಾನೆ, ಆಮೇಲೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಮೇಲಿನ ಕೇರಿ ಅನ್ಸೆಲ್ಮೊ ಹತ್ರ ಬಿಳಿ ಕುದುರೆ ಇದೆಯಲ್ಲ. ಹೋಗಿ ನಾಲ್ಕು ಕೂದಲು ಕಿತ್ಕೊಂಡು ಬರ್ತೀನಿ. ನೀನು ಹೇಳ್ಕೊಡು, ನಾನು ಹೊಸೀತೀನಿ."

"ಹುಷಾರು, ಗಂಡುಕುದುರೇದೇ ಆಗಬೇಕು. ಹೆಣ್ಣುಕುದುರೆ ಉಚ್ಚೆ ಹೊಯ್ದಾಗಲೆಲ್ಲ ತನ್ನ ಬಾಲಾನೇ ನೆನೆಸ್ಕೊಳ್ಳುತ್ತೆ. ಕೂದಲು ಲಡ್ಡಾಗಿರುತ್ತೆ, ಮೀನು ಒಂದು ಸಲ ಜಗ್ಗಿದರೆ ಪಟ್ ಅಂತ ಹೋಯ್ತು."

"ಲೋಕದಲ್ಲಿ ಏನು ಹರಿದರೂ ಹೆಣ್ಣಿನ ತಲೆಗೇ ಕಟ್ಟಿ."

"ನಾನು ಹೇಳಿದ್ದಲ್ಲ ಮಾರಾಯ್ತಿ, ನನ್ನಜ್ಜ ಹೇಳಿದ್ದು. ಹೆಣ್ಣಿನ ಕೂದಲು ನಂಬಿದವನು ಬರಿಗೈಲಿ ಮನೆಗೆ ಬರ್ತಾನೆ."

ಅವಳು ಜಡೆಯನ್ನು ತಲೆವಸ್ತ್ರದೊಳಗೆ ತುರುಕಿಕೊಂಡು ಮೇಲಿನ ಕೇರಿಗೆ ಹೋದಳು. ಹಿಂದಿರುಗಿದವಳು ನೇರ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಬಾಗಿಲು ಯಾಕೆ?"

"ನೀನು ಎದುರಿಗೆ ಕೂತು ತಪ್ಪು ಹುಡುಕ್ತಿದ್ರೆ ನನ್ನ ಕೈಯೂ ನಡುಗುತ್ತೆ. ಅಲ್ಲಿಂದಲೇ ಹೇಳು."

ಅವನು ಬಾಗಿಲಿಗೆ ಕುರ್ಚಿ ಎಳೆದುಕೊಂಡು ಹೇಳಿಕೊಟ್ಟ. ಎಲ್ಲ ಕೂದಲಿನ ಬುಡ ಒಂದೇ ಕಡೆ ಇರಲಿ. ಬೆರಳು ಒದ್ದೆ ಮಾಡ್ಕೊ. ಬಿಗಿ ಜಾಸ್ತಿಯಾದ್ರೆ ಸುರುಳಿ ಸುತ್ತುತ್ತೆ, ಕಮ್ಮಿಯಾದ್ರೆ ಬಿಚ್ಕೊಳ್ಳುತ್ತೆ. ಒಳಗಿನಿಂದ "ಹೂಂ, ಹೂಂ" ಎಂಬುದು ಬಿಟ್ಟು ಬೇರೆ ಮಾತು ಬರಲಿಲ್ಲ. ತಿಂಗಳುಗಳಿಂದ ಅವನು ಇಷ್ಟು ಮಾತಾಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಒರ್ತೆನ್ಸಿಯಾ ಗಂಡನ ತೋಳು ಹಿಡಿದು ಹಳ್ಳಕ್ಕೆ ಇಳಿಸಿ ಚಪ್ಪಟೆ ಬಂಡೆಯ ಮೇಲೆ ಕೂರಿಸಿದಳು. ಅವನು ಕೋಲನ್ನು ಹಟ ಮಾಡಿ ಬಲಗೈಯಲ್ಲೇ ಹಿಡಿದ. ದಾರ ಗಾಳಿಯಲ್ಲಿ ತೇಲಿಹೋಗಿ ಸದ್ದಿಲ್ಲದೆ ನೀರಿಗಿಳಿಯಿತು. ನಡುಗುವ ಕೈ ತುದಿಯ ನೊಣವನ್ನು ನೀರಿನ ಮೇಲೆ ಕುಣಿಸಿತು, ನಿಜವಾದ ನೊಣವೂ ಅಷ್ಟು ಚೆನ್ನಾಗಿ ಕುಣಿಯುವುದಿಲ್ಲ. ಕಲ್ಲಿನಡಿಯಿಂದ ಏನೋ ಮಿಂಚಿತು, ಕೋಲು ಬಾಗಿತು. ಒರ್ತೆನ್ಸಿಯಾ ಮೀನನ್ನು ನೋಡಲಿಲ್ಲ, ದಾರವನ್ನೇ ನೋಡಿದಳು. ಮೀನು ಅತ್ತ ಜಗ್ಗಿತು, ಇತ್ತ ಜಗ್ಗಿತು. ದಾರ ತಡೆಯಿತು. ಕೆಂಪು ಚುಕ್ಕೆಯ ಗೇಣುದ್ದದ ಟ್ರೌಟು ಹುಲ್ಲಿನ ಮೇಲೆ ಬಿತ್ತು, ಗೌದೆನ್ಸಿಯೊ ಮಗುವಿನ ಹಾಗೆ ನಕ್ಕ.

"ನೋಡಿದೆಯಾ? ಎಷ್ಟು ಮೃದು, ಎಷ್ಟು ಗಟ್ಟಿ. ಗಂಡುಕುದುರೆ ಅಂದ್ರೆ ಸುಮ್ನೇನಾ."

"ಹೌದಪ್ಪ" ಎಂದಳು ಅವಳು.

ಮಧ್ಯಾಹ್ನ ಅನ್ಸೆಲ್ಮೊ ಒಂದು ಲೋಟ ವೈನಿಗೆಂದು ಬಂದಾಗ ಗೌದೆನ್ಸಿಯೊ ಮೀನಿನ ಕಥೆಯನ್ನು ಮೊದಲಿಂದ ಹೇಳಿ, "ಹೋದ ತಕ್ಷಣ ನಿನ್ನ ಕುದುರೆಗೆ ನನ್ನ ಹೆಸರಲ್ಲಿ ಒಂದು ಮುತ್ತು ಕೊಡು" ಎಂದ.

"ಯಾವ ಕುದುರೆ? ಅದನ್ನ ಈಸ್ಟರ್ ಹೊತ್ತಿಗೇ ಮಾರಿದೆ. ಈಗಿರೋದು ಹೆಣ್ಣು. ಮೊನ್ನೆ ನಿನ್ನ ಹೆಂಡತಿ ಬಂದವಳು ಅದರ ಬಾಲ ಮುಟ್ಟಿಯೂ ನೋಡದೆ ಹೋದಳು."

ಗೌದೆನ್ಸಿಯೊ ದಾರದ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಒಲೆಯ ಹತ್ತಿರ ಒರ್ತೆನ್ಸಿಯಾ ಮೆಕ್ಕೆಜೋಳದ ಮುದ್ದೆ, ಪೊಲೆಂಟಾ, ತಿರುವುತ್ತಿದ್ದಳು. ಸೆಖೆಗೆ ತಲೆವಸ್ತ್ರ ಹಿಂದಕ್ಕೆ ಜಾರಿ, ಬಿಳಿಯ ಉದ್ದ ಜಡೆ ಬೆನ್ನ ಮೇಲೆ ಇಳಿದಿತ್ತು.

"ಹಾಗಾದ್ರೆ ಇದು ಯಾವ ಕುದುರೇದು?"

"ಆಗಿನಿಂದ ನಿನ್ನ ಪೊಲೆಂಟಾ ತಿರುವ್ತಾ ನಿಂತಿದೆಯಲ್ಲ, ಅದರದು" ಎಂದಳು ಅವಳು, ಹಿಂತಿರುಗಿ ನೋಡದೆ. "ತಟ್ಟೆ ತಾ."