ನಂದಿಕೂರಿನ ವಿಳಾಸ

"ವೀಸಾ ಮುಂದುವರಿಸಲಿಕ್ಕೆ ನಾನು ಸೈನ್ ಹಾಕುವುದಿಲ್ಲ ಸರ್. ಇವಳು ಇನ್ನು ನನ್ನ ಜವಾಬ್ದಾರಿ ಅಲ್ಲ. ಊರಿಗೆ ಕಳಿಸುವುದು ನಿಮ್ಮ ಕೆಲಸ," ಎಂದು ಯೋಗೀಶ್ ಕುರ್ಚಿಗೆ ಒರಗಿ ಕುಳಿತ.

ಉಡುಪಿಯ ಪೊಲೀಸ್ ಕಚೇರಿಯಲ್ಲಿ ವಿದೇಶಿಯರ ಫೈಲು ನೋಡುವ ಕೋಣೆ ಅದು. ಎದುರಿನ ಬೆಂಚಿನಲ್ಲಿ ಅವನ ಹೆಂಡತಿ ದಿಲ್ರುಕ್ಷಿ ಕುಳಿತಿದ್ದಳು. ಶ್ರೀಲಂಕಾದವಳು. ಕುವೈತಿನಲ್ಲಿ ಕೆಲಸದಲ್ಲಿದ್ದಾಗ ಇವನನ್ನು ಮದುವೆಯಾಗಿ ನಂದಿಕೂರಿಗೆ ಬಂದವಳು. ಅವನು ಮುರಿದ ಅವಳ ಎಡಗೈಯ ಪ್ಲಾಸ್ಟರನ್ನು ಮೊನ್ನೆಯಷ್ಟೇ ತೆಗೆದಿದ್ದರು. ಮಹಿಳಾ ಪೇದೆಯೊಬ್ಬಳು ನೀರಿನ ಬಾಟಲಿ ತಂದವಳು, ಆ ಕೈಯನ್ನು ನೋಡಿ ಮುಚ್ಚಳವನ್ನು ತಾನೇ ತಿರುಗಿಸಿ ತೆಗೆದುಕೊಟ್ಟಳು. ದಿಲ್ರುಕ್ಷಿ ಕುಡಿಯಲಿಲ್ಲ. ಅವಳ ಯೋಚನೆಯೆಲ್ಲ ಮಣಿಪಾಲದ ಆಶ್ರಯಧಾಮದಲ್ಲಿ ಬಿಟ್ಟುಬಂದ ಮಗಳು ತೃಷಾಳ ಮೇಲಿತ್ತು. ಮಗು ಇಲ್ಲಿ ಹುಟ್ಟಿದ್ದು, ಭಾರತದ್ದು. ಕಳಿಸುವುದಾದರೆ ತಾಯಿಯೊಬ್ಬಳನ್ನೇ ಕಳಿಸುತ್ತಾರೆ.

"ಕೋರ್ಟಿನಲ್ಲಿ ಹಿಂಸೆಯ ಕೇಸು ನಡೀತಾ ಉಂಟು ಸರ್," ಎಂದರು ಅವಳ ವಕೀಲೆ, ಶಿರ್ವದ ಝೀಟಾ. "ದೂರು ಕೊಟ್ಟವಳನ್ನೇ ಕಳಿಸಿಬಿಟ್ಟರೆ ಕೇಸು ಯಾರು ನಡೆಸುವುದು?"

"ಕೊಲಂಬೋದಿಂದ ನಡೆಸಲಿ," ಎಂದ ಯೋಗೀಶ್. "ಈಗೆಲ್ಲ ವಿಡಿಯೋದಲ್ಲೇ ಆಗ್ತದಲ್ವಾ?"

ಅಧಿಕಾರಿ ಚೆನ್ನಪ್ಪ ನಗಲಿಲ್ಲ. "ಮೇಡಂ, ಹಿಂದೆ ಆಗಿದ್ದರೆ ಕೇಸು ಉಂಟು ಅಂತ ನಾನೇ ಫೈಲನ್ನು ಸ್ವಲ್ಪ ಸಮಯ ಇಟ್ಟುಕೊಳ್ತಿದ್ದೆ. ಈಗ ಒಂದು ಸುತ್ತೋಲೆ ಓದಿ ಮುಗಿಸುವಾಗ ಇನ್ನೊಂದು ಬರ್ತದೆ. ಆಶ್ರಯಧಾಮದ ವಿಳಾಸ ಸಾಕಾಗುವುದಿಲ್ಲ. ಸ್ವಂತ ಮನೆ ಇರುವವರು ಯಾರಾದರೂ, ಇವರು ನಮ್ಮ ಮನೆಯಲ್ಲಿ ಇರ್ತಾರೆ, ಜವಾಬ್ದಾರಿ ನಮ್ಮದು ಅಂತ ಹೇಳಬೇಕು. ಇಲ್ಲದಿದ್ದರೆ ಇವತ್ತೇ ನೋಟಿಸು."

"ಕೈ ಮುರಿಯುವಾಗ ಮಾತ್ರ ಇವರು ಯಾವ ಸುತ್ತೋಲೆಗೂ ಕಾದಿರಲಿಲ್ಲ ಸರ್," ಎಂದರು ಝೀಟಾ.

ಯೋಗೀಶ್ ಪಕ್ಕದಲ್ಲಿ ಕುಳಿತಿದ್ದ ತನ್ನ ತಾಯಿಯನ್ನು ತೋರಿಸಿದ. "ನನ್ನ ಮನೆಯಲ್ಲಿ ಅವಳಿಲ್ಲ. ಬೇಕಾದರೆ ಅಮ್ಮನನ್ನು ಕೇಳಿ. ಅದಕ್ಕೇ ಕರೆದುಕೊಂಡು ಬಂದದ್ದು."

ಝೀಟಾ ಆ ತಾಯಿಯ ಕಡೆ ನೋಡಿದರು. ಕೈ ಮುರಿದ ದಿನ ತನ್ನನ್ನೂ ಮಗುವನ್ನೂ ಆಟೋ ಹತ್ತಿಸಿ ಕಳಿಸಿದ್ದು ಅತ್ತೆ ಗುಣವತಿ ಮಾಮಿಯೇ ಎಂದು ದಿಲ್ರುಕ್ಷಿ ಹೇಳಿದ್ದಳು. ಆದರೆ ಮನೆಯೊಳಗೆ ಕಣ್ಣೀರು ಹಾಕಿದ ಎಷ್ಟೋ ತಾಯಂದಿರು ಮಗನ ಪಕ್ಕದಲ್ಲಿ ಕುಳಿತಾಗ ಬೇರೆಯೇ ಮಾತಾಡಿದ್ದನ್ನು ಝೀಟಾ ಕಂಡಿದ್ದರು. ಹೊಡೆದದ್ದನ್ನು ಕೇಳಿದರೆ ಈ ಬಾಯಿ ಮುಚ್ಚಿಕೊಳ್ಳಬಹುದು. ಅವರು ಬೇರೆಯದನ್ನು ಕೇಳಿದರು.

"ಗುಣವತಿ ಅಮ್ಮ, ನಂದಿಕೂರಿನ ಮನೆ ಯಾರದ್ದು?"

ಯೋಗೀಶ್ ನಕ್ಕುಬಿಟ್ಟ. "ಎಂತ ಪ್ರಶ್ನೆ ಮೇಡಂ ಇದು. ಮಾಳಿಗೆ ಕಟ್ಟಿಸಿದ್ದು ನಾನು. ಗ್ರಾನೈಟ್ ಹಾಕಿಸಿದ್ದು ನಾನು. ಗೇಟು ಕೂಡಾ..."

"ಮಾಳಿಗೆ ಇವನದ್ದೇ," ಎಂದರು ಗುಣವತಿ. ಸ್ವರ ತಗ್ಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಅದು ನಿಂತಿರುವ ಕೆಳಗಿನ ಮನೆ ನನ್ನದು. ನನಗೆ ಅಮ್ಮನಿಂದ ಬಂದದ್ದು, ಅಮ್ಮನಿಗೆ ಅಜ್ಜಿಯಿಂದ. ನಮ್ಮದು ಅಳಿಯಸಂತಾನದ ಮನೆ. ಗಂಡಸರು ಮನೆ ನೋಡಿಕೊಂಡಿದ್ದಾರೆ. ಮನೆ ಅವರದ್ದಾದದ್ದಿಲ್ಲ."

"ಅಮ್ಮ, ನೀನು ಸುಮ್ಮನಿರು."

"ಸುಮ್ಮನಿರಲಿಕ್ಕೆ ನನಗೆ ಮನೆಯಲ್ಲೇ ಆಗ್ತಿತ್ತು. ನೀನೇ ಅಲ್ವಾ ಕಾರಿನಲ್ಲಿ ಕೂರಿಸಿಕೊಂಡು ಬಂದದ್ದು?" ಗುಣವತಿ ಚೆನ್ನಪ್ಪನವರ ಕಡೆ ತಿರುಗಿದರು. "ಸರ್, ಈ ಹುಡುಗಿಯ ಪೂರ್ತಿ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ನಾನು ದಿಲ್ಲು ಅಂತ ಕರೆಯುವುದು. ಇವಳು ನನ್ನ ಮನೆಯಲ್ಲಿ ಇರ್ತಾಳೆ. ಮಗುವೂ ಇರ್ತದೆ. ಜವಾಬ್ದಾರಿ ನನ್ನದು. ಎಲ್ಲಿ ಸೈನ್ ಹಾಕಬೇಕು?"

ಚೆನ್ನಪ್ಪ ತಕ್ಷಣ ಕಾಗದ ಕೊಡಲಿಲ್ಲ. "ಮಗನ ವಿರುದ್ಧ ಆಗ್ತದೆ ಅಮ್ಮ. ಯೋಚನೆ ಮಾಡಿದ್ದೀರಾ?"

"ಹೆತ್ತದ್ದು ನಾನೇ ಅಲ್ವಾ ಸರ್. ಯೋಚನೆ ಮಾಡದೆ ಇರ್ತೇನಾ?" ಎಂದರು ಗುಣವತಿ. "ಕೈ ಮುರಿದದ್ದನ್ನು ನಾನು ನೋಡಿದ್ದೇನೆ. ಕೋರ್ಟಿನಲ್ಲಿ ಕೇಳಿದರೂ ಹೇಳ್ತೇನೆ."

ಪೇದೆ ತನ್ನ ಕುರ್ಚಿಯನ್ನು ಮೆಲ್ಲಗೆ ಎಳೆದು ದಿಲ್ರುಕ್ಷಿಯ ಪಕ್ಕ ಇಟ್ಟಳು. ಗುಣವತಿ ಮಗನ ಬಳಿಯಿಂದ ಎದ್ದುಬಂದು ಅದರಲ್ಲಿ ಕುಳಿತರು. "ಮಾಮಿ" ಎಂದಷ್ಟೇ ಹೇಳಿ ದಿಲ್ರುಕ್ಷಿ ಅವರ ಭುಜಕ್ಕೆ ಹಣೆ ಒತ್ತಿದಳು.

ಚೆನ್ನಪ್ಪ ಗುಣವತಿಯವರ ಸೈನ್ ಹಾಕಿಸಿಕೊಂಡು, ಫೈಲು ಹಿಡಿದು ಮೇಲಧಿಕಾರಿಯ ಕೋಣೆಗೆ ಹೋದರು. ಝೀಟಾ ಕೂಡಾ ಹಿಂದೆಯೇ ಹೋದರು. ಬಾಗಿಲಾಚೆಯಿಂದ ವಕೀಲೆಯ ಸ್ವರ ಒಂದೆರಡು ಸಲ ಏರಿತು. ಮರಳಿ ಬರುವಾಗ ಚೆನ್ನಪ್ಪನವರ ಮುಖದಲ್ಲಿ, ತಾವೇ ಕೇಸು ಗೆದ್ದವರಂತೆ, ನಗು ಇತ್ತು. "ಕೇಸು ಮುಗಿಯುವ ತನಕ ಇರಬಹುದು. ನೋಟಿಸು ಇಲ್ಲ. ನೀರು ಕುಡಿಯಿರಿ ಅಮ್ಮ," ಎಂದರು ದಿಲ್ರುಕ್ಷಿಗೆ.

ಈಗ ಅವಳು ಕುಡಿದಳು. ಬಾಟಲಿ ಖಾಲಿಯಾಗುವವರೆಗೂ.

"ಇವತ್ತೇ ಮಗುವನ್ನು ಕರೆದುಕೊಂಡು ಮನೆಗೆ ಹೋಗುವ," ಎಂದರು ಗುಣವತಿ. ಆಮೇಲೆ, ಮಗನ ಕಡೆ ನೋಡದೆ, ಝೀಟಾಗೆ ಹೇಳಿದರು: "ಇವನು ಅಲ್ಲಿ ಇರುವುದು ಬೇಡ ಮೇಡಂ. ಅದಕ್ಕೆ ಎಂತ ಬರೆಯಬೇಕೋ, ಅದನ್ನೂ ಬರೆಯಿರಿ."

ಚೆನ್ನಪ್ಪ ಯೋಗೀಶನ ಹೇಳಿಕೆಯ ಹಾಳೆಯನ್ನು ಎದುರಿಗೆ ಎಳೆದುಕೊಂಡರು. "ಇದನ್ನೂ ಮುಗಿಸುವ. ನಿಮ್ಮ ವಿಳಾಸ ಹೇಳಿ."

ಯೋಗೀಶ್ ಬಾಯಿ ತೆರೆದವನು ತಾಯಿಯ ಮುಖ ನೋಡಿದ. ಚೆನ್ನಪ್ಪನವರ ಪೆನ್ನು ಖಾಲಿ ಗೆರೆಯ ಮೇಲೆ ಕಾಯುತ್ತಲೇ ಇತ್ತು.