ಎದೆ ಧಸಕ್ಕೆಂದಿತು

ಊರಲ್ಲಿ ಎಲ್ಲರೂ ಹುಟ್ಟಿದಾಗಲೇ ಹೆದರಿಕೆ ಬಾರದ ಹಾಗೆ ಲಸಿಕೆ ಹಾಕಿಸಿಕೊಂಡವರು. ನನಗೊಬ್ಬಳಿಗೆ ಅದು ನಾಟಲಿಲ್ಲ. ಹಾಗಾಗಿ ನಮ್ಮ ಓದುಕೂಟ ಆರಿಸಿದ ಪಾಳುಬಂಗಲೆಯ ಕಾದಂಬರಿಯನ್ನು ಕಂಬಳಿಯೊಳಗೆ ಕಾಲು ಎಳೆದುಕೊಂಡು, ಚಪ್ಪರಿಸಿಕೊಂಡು ಓದಿದವಳು ನಾನೊಬ್ಬಳೇ.

ವನಮಾಲಾಳ ಮನೆಯ ತಾರಸಿಯಲ್ಲಿ ಚರ್ಚೆ. ಆಹಾ, ಏನು ಚರ್ಚೆ!

"ನೆಲಮಾಳಿಗೆಯ ಬಾಗಿಲು ಕಿರ್ರೆಂದರೆ ಎಣ್ಣೆ ಬಿಡೋದು ಬಿಟ್ಟು ಆ ನಾಯಕಿ ಯಾಕೆ ಕಿರುಚ್ತಾಳೆ?" ಎಂದರು ಎಂಜಿನಿಯರ್ ದ್ವಾರಕಾನಾಥ್.

"ಪುಟಪುಟಕ್ಕೂ 'ಎದೆ ಧಸಕ್ಕೆಂದಿತು' ಅಂತಿದೆ. ಪಾಪ, ಮೊದಲೇ ಇಸಿಜಿ ಮಾಡಿಸಬೇಕಿತ್ತು," ಎಂದಳು ಡಾಕ್ಟರ್ ಇಂದುಮತಿ.

ಎಲ್ಲರೂ ಗಂಭೀರವಾಗಿ ತಲೆದೂಗಿದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!

"ಅದು ಕಾಯಿಲೆ ಅಲ್ಲ ಕಣ್ರೀ, ಅದೇ ಆ ಪುಸ್ತಕದ ಮಜಾ," ಎಂದೆ.

ಪ್ಯಾರಾಪೆಟ್ ಮೇಲೆ ಕುಳಿತಿದ್ದ ವನಮಾಲಾಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಪೂರ್ತಿ ಹಿಂದಕ್ಕೆ ವಾಲಿದಳು. ನನ್ನ ಎದೆ ಧಸಕ್ಕೆಂದಿತು. ಹಾರಿಹೋಗಿ ಸೆರಗು ಹಿಡಿದು ಈಚೆಗೆ ಎಳೆದೆ. ಇಬ್ಬರೂ ತಾರಸಿಯ ಮೇಲೆ ಉರುಳಿದೆವು.

"ಥೂ, ರೇಷ್ಮೆ ಸೀರೆ ಹರಿದೆಯಲ್ಲೇ!" ಎಂದು ಸಿಡುಕುತ್ತಾ ಅವಳು ಮತ್ತೆ ಅಲ್ಲೇ ಹತ್ತಿ ಕುಳಿತಳು. "ಹೋದ ತಿಂಗಳು ನಮ್ಮ ಕೂಟದ ಶಾಂಭವಿ ಇಲ್ಲಿಂದ ಬಿದ್ದು ಸತ್ತಳಲ್ಲ, ಆಗ ಯಾರಾದ್ರೂ ಹೀಗೆ ಸೀರೆ ಎಳೆದಾಡಿದ್ರಾ?"