ಭಜನೆ ನಿಂತಾಗ

“ಮನೆ ಪಾಲಿಗೆ ನನ್ನನ್ನು ಕೋರ್ಟಿಗೆ ಎಳೆದವನು ಇವತ್ತು ಕರೆಯದೆ ಯಾಕೆ ಬಂದ?” ಹಳೆಯ ಕಬ್ಬಿಣದ ಟ್ಯಾಂಕಿನೊಳಗೆ ತುಕ್ಕು ಕೆರೆಯುತ್ತ ಅಣ್ಣ ಒಬ್ಬನೇ ಗೊಣಗಿದ.

ಮೇಲೆ ಟ್ಯಾಂಕಿನ ಬಾಯಿಯ ಬಳಿ ತಮ್ಮ ಕುಳಿತಿದ್ದ. ಪಕ್ಕದಲ್ಲೇ ಮುಚ್ಚಳವಿತ್ತು.

“ಭಜನೆ ಹೇಳ್ತಾ ಕೆರಿ, ಅಣ್ಣ. ಒಳಗೆ ಉಸಿರು ಕಟ್ಟಿದ್ರೆ ನಂಗೆ ಗೊತ್ತಾಗ್ಬೇಕಲ್ಲ.”

“ಕಟ್ಟಿದ್ರೆ ಪೂರ್ತಿ ಮನೆ ನಿಂದೇ ಅಲ್ವೇನೋ?”

“ಬಾಯ್ಮುಚ್ಕೊಂಡು ಭಜನೆ ಹೇಳು, ಮಾರಾಯ.”

ಅಣ್ಣ ಎರಡು ಸಾಲು ಹಾಡಿದ. ಆಮೇಲೆ, ಇವನೇನು ಮಾಡುತ್ತಾನೋ ನೋಡೋಣವೆಂದು ಹಾಡು, ಕೈ ಎರಡನ್ನೂ ನಿಲ್ಲಿಸಿ ಅಲ್ಲೇ ಒರಗಿದ.

“ಅಣ್ಣಾ? ಅಣ್ಣಾ!”

ಒಳಗೆ ಕತ್ತಲಾಯಿತು. ಮುಚ್ಚಳ ಮುಚ್ಚಿಯೇಬಿಟ್ಟ ಎಂದು ಅಣ್ಣ ಅಂದುಕೊಳ್ಳುವಷ್ಟರಲ್ಲಿ ತಮ್ಮ ಧೊಪ್ಪನೆ ಪಕ್ಕಕ್ಕೆ ಧುಮುಕಿ, ಅವನ ಕಂಕುಳಿಗೆ ಕೈಹಾಕಿ ಎತ್ತತೊಡಗಿದ.

“ಏನೂ ಆಗಿಲ್ಲ ಕಣೋ, ಸುಮ್ನೆ ಒರಗಿದ್ದೆ. ನೀನು ಮೇಲೆ ಹತ್ತು.”

“ನೀನು ಮೊದಲು ಹತ್ತದೆ ನಾನು ಹತ್ತಲ್ಲ.”